ಹೆಸರಿಲ್ಲದವರ ವಿಳಾಸ

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದ ಮನುಷ್ಯ ಎಲ್ಲಿಗೆ ಹೋಗಬೇಕು? ವೈದ್ಯರ ಬಳಿಗೆ ಹೋಗಬಹುದು. ಮನೆದೇವರ ಮುಂದೆ ಆಣೆ ಇಡಬಹುದು. ಅಯ್ಯಪ್ಪನ ಮಾಲೆ ಧರಿಸಿ, ವ್ರತ ಮುಗಿಯುವವರೆಗಾದರೂ ಬಾಟಲಿಯಿಂದ ದೂರ ಇರಬಹುದು. ಕಾಫಿಯಲ್ಲಿ ಗೊತ್ತಾಗದಂತೆ ಬೆರೆಸಿ ಕೊಡಿ ಎಂದು ಪುಡಿ ಮಾರುವವರ ಕೈಗೆ ಮನೆಯವರು ದುಡ್ಡು ಸುರಿಯುವುದೂ ಉಂಟು. ಇವೆಲ್ಲ ನಮಗೆ ಗೊತ್ತಿರುವ ದಾರಿಗಳು. ತನ್ನಂತೆಯೇ ಕುಡಿದು, ತನ್ನಂತೆಯೇ ಕೆಲಸವನ್ನೂ ಮರ್ಯಾದೆಯನ್ನೂ ಕಳೆದುಕೊಂಡು, ಈಗ ಕುಡಿಯದೆ ಬದುಕುತ್ತಿರುವ ನಾಲ್ಕು ಜನರ ನಡುವೆ ಹೋಗಿ ಕೂರುವುದು ಇನ್ನೊಂದು ದಾರಿ. ಈಗ ಜಗತ್ತಿನಾದ್ಯಂತ ಹಬ್ಬಿರುವ ಈ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಆ ಸಂಘಟನೆಯ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ‘ಎಎ’. ಕನ್ನಡದಲ್ಲಿ ಹೇಳುವುದಾದರೆ ಅನಾಮಧೇಯ ಮದ್ಯವ್ಯಸನಿಗಳು. ತೊಡಕಿರುವುದೂ ಈ ಹೆಸರಿನಲ್ಲೇ. ಸದಸ್ಯರು ತಮ್ಮ ಪೂರ್ಣ ಹೆಸರನ್ನು ಹೊರಗೆ ಹೇಳಿಕೊಳ್ಳುವುದಿಲ್ಲ. ಮಂತ್ರಿಗಳನ್ನು ಕರೆಸಿ ಸಮಾರಂಭ ಮಾಡುವುದಿಲ್ಲ, ತನ್ನ ಹೆಸರಿನಲ್ಲಿ ಆಸ್ಪತ್ರೆ ನಡೆಸುವುದಿಲ್ಲ. ಇಂಥ ಸಂಘವನ್ನು, ಅದು ಬೇಕಾದವನು ಹುಡುಕುವುದಾದರೂ ಹೇಗೆ? ಎಎ ಇತಿಹಾಸದ ಬಹುಪಾಲು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಕುಡುಕರೇ ಕುಡುಕರಿಗೆ ನೆರವಾಗುವ ಪ್ರಯತ್ನ ಅದಕ್ಕೂ ಹಿಂದೆ ಒಮ್ಮೆ ನಡೆದಿತ್ತು. 1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದ ಪಡಖಾನೆಯೊಂದರಲ್ಲಿ ಕುಡಿಯಲು ಕೂಡುತ್ತಿದ್ದ ಆರು ಮಂದಿ ಇನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ವಾಷಿಂಗ್‌ಟನ್ ಸೊಸೈಟಿ ಎಂಬ ಸಂಘ ಕಟ್ಟಿದರು. ಪ್ರತಿಯೊಬ್ಬನೂ ಸಭೆಯಲ್ಲಿ ನಿಂತು ತನ್ನ ಕಥೆ ಹೇಳಬೇಕು, ಮುಂದಿನ ಸಭೆಗೆ ಇನ್ನೊಬ್ಬ ಕುಡುಕನನ್ನು ಕರೆತರಬೇಕು. ಕೆಲವೇ ವರ್ಷಗಳಲ್ಲಿ ಪ್ರತಿಜ್ಞೆಗೆ ಸಹಿ ಹಾಕಿದವರ ಸಂಖ್ಯೆ ಲಕ್ಷಗಟ್ಟಲೆಯಾಯಿತು. ಆಗಿನ್ನೂ ವಕೀಲರಾಗಿದ್ದ ಅಬ್ರಹಾಂ ಲಿಂಕನ್ 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಸಂಘದ ಸಭೆಯಲ್ಲಿ ಭಾಷಣ ಮಾಡಿದರು.

ಆದರೆ ಸಂಘ ಎಷ್ಟು ಬೇಗ ಬೆಳೆಯಿತೋ ಅಷ್ಟೇ ಬೇಗ ಕರಗಿತು. ವೇದಿಕೆ ದೊಡ್ಡದಾಯಿತು, ಭಾಷಣಕಾರರು ತಾರೆಗಳಾದರು, ಪಾನನಿರೋಧ ಕಾಯ್ದೆ ಬೇಕೇ ಬೇಡವೇ ಎಂಬ ಜಗಳ ಒಳಗೆ ಹೊಕ್ಕಿತು. ಆ ಕಾಲದ ಹೆಸರಾಂತ ವಾಗ್ಮಿ ಜಾನ್ ಗಫ್ 1845ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು ಒಂದು ವಾರ ಕಾಣೆಯಾಗಿ, ಕೊನೆಗೆ ವೇಶ್ಯಾಗೃಹವೊಂದರಲ್ಲಿ ಕುಡಿದ ಸ್ಥಿತಿಯಲ್ಲಿ ಸಿಕ್ಕರು. ಯಾರೋ ಸೋಡಾದಲ್ಲಿ ಏನೋ ಬೆರೆಸಿದ್ದರೆಂದು ಅವರು ಹೇಳಿಕೊಂಡರೂ ಪತ್ರಿಕೆಗಳು ಬಿಡಲಿಲ್ಲ. ಒಬ್ಬ ವ್ಯಕ್ತಿಯ ಹೆಸರಿಗೆ ಸಂಘದ ಹೆಸರನ್ನು ಕಟ್ಟಿಹಾಕಿದರೆ, ಅವನು ಬಿದ್ದಾಗ ಸಂಘವೂ ಬೀಳುತ್ತದೆ. ಎಎ ಕಟ್ಟಿದವರಿಗೆ ಈ ಹಳೆಯ ಕಥೆ ತಿಳಿದದ್ದು ತಮ್ಮ ಸಂಘ ಬೇರೂರಿದ ಮೇಲೆ. ಹೆಸರು ಮುಚ್ಚಿಡುವ ಅಭ್ಯಾಸ ಅಷ್ಟರಲ್ಲಿ ಅವರಿಗೆ ಬೇರೆ ಕಾರಣಗಳಿಂದ ಬಂದಿತ್ತು.

ಹೋಟೆಲಿನ ಮೊಗಸಾಲೆಯಲ್ಲಿ

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸಿದ ಪಾನನಿರೋಧ 1920ರಲ್ಲಿ ಜಾರಿಗೆ ಬಂದು 1933ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಅಂಗಡಿಗಳು ಮತ್ತೆ ಬಾಗಿಲು ತೆರೆದವು. ಕುಡಿತಕ್ಕೆ ಸಿಕ್ಕಿಬಿದ್ದವನಿಗೆ ಮಾತ್ರ ತೆರೆದ ಬಾಗಿಲುಗಳು ಹೆಚ್ಚಿರಲಿಲ್ಲ. ಬಡವನಾದರೆ ಪೊಲೀಸ್ ಠಾಣೆ ಅಥವಾ ಹುಚ್ಚಾಸ್ಪತ್ರೆ, ಹಣವಂತನಾದರೆ ಖಾಸಗಿ ಚಿಕಿತ್ಸಾಲಯ.

ಅಂಥ ಒಂದು ಚಿಕಿತ್ಸಾಲಯಕ್ಕೆ, ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ, 1934ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಸನ್ ಎಂಬ 39 ವರ್ಷದ ಷೇರುಪೇಟೆ ವ್ಯವಹಾರಸ್ಥ ಮತ್ತೊಮ್ಮೆ ದಾಖಲಾದರು. ಸ್ನೇಹಿತರ ಬಾಯಲ್ಲಿ ಬಿಲ್. ಕುಡಿತದಿಂದ ಉದ್ಯೋಗ ಕೈಬಿಟ್ಟಿತ್ತು; ಹೆಂಡತಿ ಲೂಯಿಸ್ ಬಟ್ಟೆಬರೆ ಮಾರುವ ದೊಡ್ಡ ಮಳಿಗೆಯಲ್ಲಿ ದುಡಿದು ಮನೆ ನಡೆಸುತ್ತಿದ್ದರು. ಕೆಲವು ದಿನಗಳ ಹಿಂದೆ ಹಳೆಯ ಕುಡಿತದ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದು, ತಾನು ಬಿಟ್ಟಿದ್ದೇನೆ ಎಂದು ಹೇಳಿಹೋಗಿದ್ದರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗ ಅವರ ಕೈಹಿಡಿದಿತ್ತು. ತಪ್ಪನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸುವುದು ಆ ಬಳಗದ ಕ್ರಮ. ಆಸ್ಪತ್ರೆಯಲ್ಲಿ ಬಿಲ್ ವಿಲ್ಸನ್‌ಗೆ ಬೆಳಕು ಕಂಡಂತಹ ಅನುಭವವಾಯಿತು. ಆಗ ಅವರಿಗೆ ಕೊಡುತ್ತಿದ್ದ ಔಷಧಗಳಲ್ಲಿ ಭ್ರಮೆ ಹುಟ್ಟಿಸುವ ಬೆಲಡೋನಾ ಕೂಡ ಇತ್ತು ಎಂಬುದನ್ನು ಟೀಕಾಕಾರರು ಇಂದಿಗೂ ನೆನಪಿಸುತ್ತಾರೆ. ಬೆಳಕು ಎಲ್ಲಿಂದ ಬಂದಿರಲಿ, ಅಲ್ಲಿಂದ ಹೊರಬಂದ ಮೇಲೆ ಅವರು ಕುಡಿಯಲಿಲ್ಲ.

ಮುಂದಿನ ಐದು ತಿಂಗಳು ಅವರು ಕಂಡ ಕಂಡ ಕುಡುಕರಿಗೆ ಉಪದೇಶ ಮಾಡಿದರು. ಒಬ್ಬನೂ ಬಿಡಲಿಲ್ಲ. ಟೌನ್ಸ್ ಆಸ್ಪತ್ರೆಯ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಆಗ ಹೇಳಿದ ಬುದ್ಧಿಮಾತು ಸರಳವಾಗಿತ್ತು: ದೇವರ ಮಾತು ಆಮೇಲೆ, ಮೊದಲು ಕಾಯಿಲೆಯ ಮಾತಾಡಿ.

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಕಂಪನಿಯೊಂದರ ಹಿಡಿತಕ್ಕಾಗಿ ನಡೆದ ಷೇರುದಾರರ ಹೋರಾಟಕ್ಕೆಂದು ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋದರು. ಅದು ರಬ್ಬರ್ ಟೈರುಗಳ ಊರು. ಹೋರಾಟ ಸೋತಿತು, ಜೊತೆಗಾರರು ಊರಿಗೆ ಮರಳಿದರು. ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಶನಿವಾರ ಸಂಜೆ ಒಬ್ಬರೇ ಓಡಾಡುತ್ತಿದ್ದ ಅವರಿಗೆ ಒಂದು ತುದಿಯಲ್ಲಿ ಬಾರ್ ಕಂಡಿತು, ಇನ್ನೊಂದು ತುದಿಯಲ್ಲಿ ಊರಿನ ಚರ್ಚ್‌ಗಳ ಪಟ್ಟಿಯೂ ಟೆಲಿಫೋನೂ ಕಂಡವು. ಕುಡಿಯದೆ ಉಳಿಯಬೇಕಾದರೆ ತನಗೆ ಇನ್ನೊಬ್ಬ ಕುಡುಕ ಬೇಕು ಎಂದು ಅವರಿಗೆ ಹೊಳೆದದ್ದು ಆ ಹೊತ್ತಿನಲ್ಲಿ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವರು ಪಾದ್ರಿಯೊಬ್ಬರಿಗೆ ಫೋನ್ ಮಾಡಿ ತನ್ನನ್ನು ಬದುಕಿಸಿ ಎಂದು ಕೇಳಲಿಲ್ಲ. ಊರಿನಲ್ಲಿ ಕುಡಿತದಿಂದ ಕಂಗೆಟ್ಟ ಯಾರಾದರೂ ಇದ್ದರೆ ತಿಳಿಸಿ ಎಂದು ಕೇಳಿದರು.

ಪಾದ್ರಿ ಕೊಟ್ಟ ಹೆಸರುಗಳನ್ನು ಹಿಡಿದು ಹೋದ ಜಾಡು ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯವರೆಗೆ ತಲುಪಿತು. ಗುಡ್‌ಇಯರ್ ಟೈರ್ ಕಂಪನಿಯ ಸ್ಥಾಪಕರ ಸೊಸೆಯಾದ ಆಕೆಗೆ ಕುಡುಕರೊಬ್ಬರು ಗೊತ್ತಿದ್ದರು: ಶಸ್ತ್ರಚಿಕಿತ್ಸಕ ಡಾ. ರಾಬರ್ಟ್ ಸ್ಮಿತ್. ಕೂಡಲೇ ಭೇಟಿ ಸಾಧ್ಯವಾಗಲಿಲ್ಲ. ಮಾರನೆಯ ದಿನ ತಾಯಂದಿರ ದಿನವೆಂದು ಹೆಂಡತಿ ಆ್ಯನ್‌ಗೆ ಹೂಕುಂಡವೊಂದನ್ನು ತಂದ ಡಾಕ್ಟರು, ಅದನ್ನು ಮೇಜಿನ ಮೇಲಿಟ್ಟು ತಾವು ಮೇಜಿನ ಕೆಳಗೆ ಮಲಗಿದ್ದರಂತೆ. ಮೇ 12ರ ಭಾನುವಾರ ಸಂಜೆ ಸೈಬರ್ಲಿಂಗ್ ಬಂಗಲೆಯ ಕಾವಲುಮನೆಗೆ ಅವರು ಬಂದದ್ದು ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂಬ ಕರಾರಿನ ಮೇಲೆ. ಕೂತದ್ದು ಆರು ಗಂಟೆಗೂ ಹೆಚ್ಚು ಕಾಲ. ಕುಡಿತದ ಬಗ್ಗೆ ಡಾಕ್ಟರರಿಗೆ ಗೊತ್ತಿಲ್ಲದ ವೈದ್ಯಶಾಸ್ತ್ರವನ್ನೇನೂ ಬಿಲ್ ವಿಲ್ಸನ್ ಹೇಳಲಿಲ್ಲ. ಸ್ವಂತ ಅನುಭವದಿಂದ ಅದರ ಬಗ್ಗೆ ತನ್ನೊಡನೆ ಮಾತಾಡಿದ ಮೊದಲ ಮನುಷ್ಯ ಅವರೇ ಎಂದು ಡಾಕ್ಟರು ಆಮೇಲೆ ನೆನೆದರು.

ಮಧ್ಯೆ ಡಾಕ್ಟರು ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕಂಠಪೂರ್ತಿ ಕುಡಿದು ಬಂದರು. ನಂತರ ಒಂದು ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಬೇಕಿತ್ತು, ಕೈ ನಡುಗುತ್ತಿತ್ತು. ನಡುಕ ನಿಲ್ಲಿಸಲು ಒಂದು ಬಿಯರ್ ಕುಡಿದರು. ಅದೇ ಕೊನೆಯದು. ಆ ದಿನ 1935ರ ಜೂನ್ 10 ಎಂದು ಸಂಘ ಎಣಿಸುತ್ತದೆ. ದಾಖಲೆಗಳನ್ನು ಕೆದಕಿದವರು ಒಂದು ವಾರ ಆಚೆ ಇರಬೇಕೆನ್ನುತ್ತಾರೆ. ಆ ತಿಂಗಳ ಕೊನೆಯ ಹೊತ್ತಿಗೆ ಇಬ್ಬರೂ ಸೇರಿ ಮೂರನೆಯವರನ್ನು ಹುಡುಕಿದರು. ಆರು ತಿಂಗಳಲ್ಲಿ ಎಂಟನೆಯ ಸಲ ಆಕ್ರನ್ ಆಸ್ಪತ್ರೆ ಸೇರಿ, ದಾದಿಯರ ಮೇಲೆ ಕೈಮಾಡಿ, ಹಾಸಿಗೆಗೆ ಕಟ್ಟಿಹಾಕಿಸಿಕೊಂಡಿದ್ದ ಒಬ್ಬ ವಕೀಲರು ಅವರು.

ಅಂಚೆಪೆಟ್ಟಿಗೆ, ಮಾರಾಟ ಪ್ರತಿನಿಧಿ, ಪತ್ರಿಕೆ

ಆರಂಭದ ಈ ಕ್ರಮದಲ್ಲಿ ಕುಡುಕ ಸಂಘವನ್ನು ಹುಡುಕಿ ಬರುತ್ತಿರಲಿಲ್ಲ. ಸಂಘವೇ ಅವನನ್ನು ಹುಡುಕಿ ಹೋಗುತ್ತಿತ್ತು. ಆಕ್ರನ್‌ನಲ್ಲಿ ಹೊಸಬ ಬಂದ ಕೂಡಲೇ ಸಭೆಗೆ ಪ್ರವೇಶವಿರಲಿಲ್ಲ. ಮೊದಲು ಆಸ್ಪತ್ರೆ, ಆಮೇಲೆ ಹಳಬರ ಭೇಟಿ, ಮೇಲ್ಮಹಡಿಯ ಕೋಣೆಯಲ್ಲಿ ಮೊಣಕಾಲೂರಿ ಶರಣಾಗತಿ, ಆಮೇಲಷ್ಟೇ ಸಭೆ. ನ್ಯೂಯಾರ್ಕ್ ಕಡೆಯವರು ಬ್ರೂಕ್ಲಿನ್‌ನ ಕ್ಲಿಂಟನ್ ಬೀದಿಯ ಬಿಲ್ ವಿಲ್ಸನ್ ಮನೆಯಲ್ಲಿ ಮಂಗಳವಾರ ರಾತ್ರಿ ಕೂಡುತ್ತಿದ್ದರು. ಬೀದಿಪಾಲಾದ ಕುಡುಕರು ಆ ಮನೆಯಲ್ಲೇ ಉಳಿದು ಉಣ್ಣುತ್ತಿದ್ದರು. ಹೊರೆಯೆಲ್ಲ ಲೂಯಿಸ್ ತಲೆಯ ಮೇಲೆ. ಒಂದು ದಿನ ಗಂಡ ಸಭೆಗೆ ಹೊತ್ತಾಯಿತು ಎಂದಾಗ ಆಕೆ ಕಾಲಿನ ಬೂಟು ತೆಗೆದು ಎಸೆದೇಬಿಟ್ಟರು. ಕುಡಿಯುವ ಗಂಡನ ಹೆಂಡತಿಗೆ ಎಷ್ಟು ನೋವೋ, ಬಿಟ್ಟ ಗಂಡನ ಹೆಂಡತಿಗೂ ಒಂದು ಬಗೆಯ ನೋವಿದೆ ಎಂದು ಆ ದಿನ ಅವರಿಗೇ ಅರಿವಾಯಿತು. ಕುಟುಂಬದವರಿಗಾಗಿ ಇರುವ ಅಲ್-ಅನಾನ್ ಸಂಘ 1951ರಲ್ಲಿ ರೂಪುಗೊಂಡಾಗ ಅದರ ಮುಂಚೂಣಿಯಲ್ಲಿದ್ದವರು ಇದೇ ಲೂಯಿಸ್.

ಹೆಸರಿಲ್ಲದ ಈ ಗುಂಪಿಗೆ ಹೆಸರು ಬಂದದ್ದು 1939ರ ಏಪ್ರಿಲ್‌ನಲ್ಲಿ ಅಚ್ಚಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಪುಸ್ತಕದಿಂದ. ಹನ್ನೆರಡು ಮೆಟ್ಟಿಲುಗಳೆಂದು ಹೆಸರಾದ ಸೂತ್ರಗಳು ಅದರಲ್ಲಿವೆ. ಗುಂಪಿನಲ್ಲಿದ್ದ ನಾಸ್ತಿಕರು ಹಟ ಹಿಡಿದಿದ್ದರಿಂದ ದೇವರು ಎಂಬಲ್ಲಿ ‘ನಾವು ತಿಳಿದಂತೆ’ ಎಂಬ ಅರ್ಥದ ಮಾತು ಸೇರಿತು. ಮುಂದೆ ಹಿಂದೂಗಳೂ ಮುಸ್ಲಿಮರೂ ಬೌದ್ಧರೂ ಒಳಗೆ ಬರಲು ಈ ಪುಟ್ಟ ಸಡಿಲಿಕೆಯೇ ದಾರಿಯಾಯಿತು ಎನ್ನಬೇಕು. ಹೆಸರು ಮುಚ್ಚಿಟ್ಟದ್ದಕ್ಕೆ ಆಗ ಇದ್ದ ಕಾರಣಗಳು ಲೌಕಿಕವಾದವು: ಕುಡುಕನೆಂದು ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯ, ಪುಸ್ತಕ ಓದಿ ಸಾವಿರಾರು ಜನ ಮನೆಬಾಗಿಲಿಗೆ ಬಂದರೆ ಬೆರಳೆಣಿಕೆಯ ತಾವು ಸಂಭಾಳಿಸುವುದು ಹೇಗೆಂಬ ಚಿಂತೆ.

ಜನ ಬರಲಿಲ್ಲ, ಪುಸ್ತಕಗಳು ಗೋದಾಮಿನಲ್ಲೇ ಉಳಿದವು. ಬ್ಯಾಂಕಿನವರು ಕ್ಲಿಂಟನ್ ಬೀದಿಯ ಮನೆಯಿಂದ ದಂಪತಿಗಳನ್ನು ಹೊರಗೆ ಕಳಿಸಿದರು. 1940ರ ಫೆಬ್ರುವರಿಯಲ್ಲಿ ಕೋಟ್ಯಧೀಶ ರಾಕ್‌ಫೆಲರ್ ಕುಟುಂಬ ಇವರಿಗಾಗಿ ನ್ಯೂಯಾರ್ಕ್‌ನಲ್ಲಿ ಭೋಜನಕೂಟ ಏರ್ಪಡಿಸಿದಾಗ ಎಲ್ಲರಿಗೂ ಆಸೆ ಚಿಗುರಿತು. ತಂದೆಯ ಪರವಾಗಿ ಮಾತಾಡಿದ ನೆಲ್ಸನ್ ರಾಕ್‌ಫೆಲರ್, ಇದು ಸದ್ಭಾವನೆಯಿಂದ ನಡೆಯುವ ಕೆಲಸ, ಇದಕ್ಕೆ ಹಣದ ಅಗತ್ಯವಿಲ್ಲ ಎಂದುಬಿಟ್ಟರು. ಶ್ರೀಮಂತರು ಕೈಕುಲುಕಿ ಮನೆಗೆ ಹೋದರು. ಆ ರಾತ್ರಿಯ ನಿರಾಸೆಯೇ ಮುಂದೆ ನಿಯಮವಾಯಿತು. ಎಎ ಹೊರಗಿನವರಿಂದ ಇಂದಿಗೂ ದೇಣಿಗೆ ಪಡೆಯುವುದಿಲ್ಲ.

ಬಾಗಿಲು ತೆರೆದದ್ದು ಪತ್ರಿಕೆಗಳು. 1939ರ ಶರತ್ಕಾಲದಲ್ಲಿ ಕ್ಲೀವ್‌ಲೆಂಡ್‌ನ ‘ಪ್ಲೇನ್ ಡೀಲರ್’ ದಿನಪತ್ರಿಕೆ ಲೇಖನಮಾಲೆ ಪ್ರಕಟಿಸಿತು; ಇಪ್ಪತ್ತರ ಆಸುಪಾಸಿನಲ್ಲಿದ್ದ ಅಲ್ಲಿನ ಸದಸ್ಯರು ಕೆಲವೇ ತಿಂಗಳಲ್ಲಿ ನೂರಾರು ಮಂದಿಯಾದರು. 1941ರ ಮಾರ್ಚ್ 1ರ ‘ಸ್ಯಾಟರ್ಡೆ ಈವ್‌ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನದ ಪರಿಣಾಮ ಇನ್ನೂ ದೊಡ್ಡದು. ಇದೇನೋ ವಂಚಕರ ಜಾಲವಿರಬೇಕೆಂಬ ಗುಮಾನಿಯಿಂದಲೇ ಹೋದ ವರದಿಗಾರ ಊರೂರು ಸುತ್ತಿ, ಸಭೆಗಳಲ್ಲಿ ಕೂತು, ನಂಬಿಕೆ ಬಂದು ಬರೆದರು. ವರ್ಷದ ಆರಂಭದಲ್ಲಿ 2,000 ಇದ್ದ ಸದಸ್ಯರು ಕೊನೆಗೆ 8,000 ಆದರು.

ನ್ಯೂಯಾರ್ಕ್‌ನ ಅಂಚೆಪೆಟ್ಟಿಗೆಯೊಂದಕ್ಕೆ ಸಾವಿರಾರು ಪತ್ರಗಳು ಬಂದವು. ಹೆಂಡತಿಯರು, ತಾಯಂದಿರು, ಕುಡುಕರೇ ಬರೆದದ್ದು. ಪುಟ್ಟ ಕಚೇರಿಯಲ್ಲಿದ್ದ ರೂತ್ ಹಾಕ್ ಎಂಬ ಕಾರ್ಯದರ್ಶಿ ಒಂದೊಂದಕ್ಕೂ ಉತ್ತರ ಬರೆದು, ಹತ್ತಿರದ ಊರಿನಲ್ಲಿ ಯಾರಾದರೂ ಸದಸ್ಯರಿದ್ದರೆ ಅವರಿಗೆ ವಿಳಾಸ ತಲುಪಿಸುತ್ತಿದ್ದರು. ಯಾರೂ ಇಲ್ಲದ ಊರುಗಳಿಗೆ ನೆರವಾದವರು ಊರೂರು ತಿರುಗುವ ಮಾರಾಟ ಪ್ರತಿನಿಧಿಗಳು. ಅವರೂ ಕುಡಿತ ಬಿಟ್ಟವರೇ. ಸರಕಿನ ಚೀಲದಲ್ಲಿ ಈ ವಿಳಾಸಗಳ ಪಟ್ಟಿ ಇಟ್ಟುಕೊಂಡು ಸಂಜೆ ಬಾಗಿಲು ತಟ್ಟುತ್ತಿದ್ದರು. ಆಸ್ಪತ್ರೆಗಳ ಬಾಗಿಲನ್ನು ತೆಗೆಸುವುದು ಇನ್ನೂ ಕಷ್ಟವಿತ್ತು. ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ 1939ರ ಆಗಸ್ಟ್‌ನಲ್ಲಿ ಡಾ. ಸ್ಮಿತ್ ತಂದ ಕುಡುಕ ರೋಗಿಯನ್ನು ‘ತೀವ್ರ ಜಠರದ ಉರಿಯೂತ’ ಎಂದು ಬರೆದು ಸೇರಿಸಿಕೊಂಡರು. ಮಲಗಿಸಿದ್ದು ರೋಗಿಗಳ ಹೂಗುಚ್ಛಗಳನ್ನು ಜೋಡಿಸುವ ಕೊಠಡಿಯಲ್ಲಿ. ಮುಂದಿನ ಹನ್ನೊಂದು ವರ್ಷಗಳಲ್ಲಿ ಇವರಿಬ್ಬರ ಕೈಯಲ್ಲಿ ಸುಮಾರು 5,000 ಮಂದಿ ಆರೈಕೆ ಪಡೆದರು.

ಯಾರಿಗೆ ಪ್ರವೇಶ?

ಬಾಗಿಲು ಸಿಕ್ಕಿತು ಎಂದ ಮಾತ್ರಕ್ಕೆ ಒಳಗೆ ಬಿಡುತ್ತಾರೆ ಎಂದಲ್ಲ. ಒಂದೊಂದು ಊರಿನ ಗುಂಪು ಒಂದೊಂದು ನಿಯಮ ಮಾಡಿಕೊಂಡಿತ್ತು. ಭಿಕ್ಷುಕರು ಬೇಡ, ಜೈಲಿಗೆ ಹೋಗಿಬಂದವರು ಬೇಡ, ‘ಕೆಟ್ಟ ಹೆಂಗಸರು’ ಬೇಡ. ಹೆಂಗಸರು ಬಂದದ್ದಕ್ಕೇ ಹಲವು ಕಡೆ ಮುಖ ಸಿಂಡರಿಸಿದರು. 1939ರಲ್ಲಿ ಸೇರಿದ ಮಾರ್ಟಿ ಮ್ಯಾನ್ ಕುಡಿತ ಬಿಟ್ಟು ಉಳಿದ ಮೊದಮೊದಲ ಮಹಿಳೆಯರಲ್ಲೊಬ್ಬರು. ಕಪ್ಪುಜನರಿಗೆ ಬಿಳಿಯರ ಗುಂಪುಗಳಲ್ಲಿ ಜಾಗವಿಲ್ಲದಿದ್ದಾಗ ವಾಷಿಂಗ್‌ಟನ್ ನಗರದಲ್ಲಿ ಕಪ್ಪುವರ್ಣದ ವೈದ್ಯರೊಬ್ಬರು 1945ರಲ್ಲಿ ತಮ್ಮವರಿಗಾಗಿ ಗುಂಪು ಆರಂಭಿಸಿದರು. ಕೇಂದ್ರ ಕಚೇರಿ ಎಲ್ಲ ಊರುಗಳ ನಿಯಮಗಳನ್ನೂ ತರಿಸಿಕೊಂಡು ಒಂದೇ ಪಟ್ಟಿ ಮಾಡಿ ನೋಡಿತು. ಎಲ್ಲವನ್ನೂ ಜಾರಿಗೆ ತಂದರೆ ಜಗತ್ತಿನಲ್ಲಿ ಒಬ್ಬನೂ ಸದಸ್ಯನಾಗಲು ಅರ್ಹನಿರಲಿಲ್ಲ! 1950ರ ಜುಲೈಯಲ್ಲಿ ಕ್ಲೀವ್‌ಲೆಂಡ್ ಸಮ್ಮೇಳನ ಒಪ್ಪಿದ ಹನ್ನೆರಡು ಸಂಪ್ರದಾಯಗಳಲ್ಲಿ ಮೂರನೆಯದು ಈ ಪಟ್ಟಿಗಳನ್ನೆಲ್ಲ ಬದಿಗೆ ಸರಿಸಿತು. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ ಎಂಬುದು ಅದರ ತಾತ್ಪರ್ಯ.

ಅನಾಮಧೇಯತೆಗೂ ಅಲ್ಲಿ ಸಂಪ್ರದಾಯದ ಸ್ಥಾನ ಸಿಕ್ಕಿತು. ಆ ನಡುವೆ ಅದು ಹಲವು ಸಲ ಮುರಿದುಬಿದ್ದಿತ್ತು. 1940ರಲ್ಲಿ ಬೇಸ್‌ಬಾಲ್ ಆಟಗಾರ ರೋಲಿ ಹೆಮ್ಸ್‌ಲಿ ತಾನು ಎಎ ಸದಸ್ಯನೆಂದು ಪತ್ರಿಕೆಗಳಿಗೆ ಹೇಳಿದಾಗ ದೇಶವೆಲ್ಲ ಸುದ್ದಿಯಾಯಿತು. ಬಿಲ್ ವಿಲ್ಸನ್ ಕೂಡ ಆಗ ಫೋಟೊ ತೆಗೆಸಿಕೊಂಡು ಮಾತಾಡಿದವರೇ. ಆಮೇಲೆ ಅವರು ಪಾಠ ಕಲಿತರು. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಕೊಡಹೊರಟ ಗೌರವ ಡಾಕ್ಟರೇಟ್ ಬೇಡವೆಂದರು. ಡಾ. ಸ್ಮಿತ್ 1950ರ ನವೆಂಬರಿನಲ್ಲಿ ತೀರಿಕೊಂಡರು. ಬಿಲ್ ವಿಲ್ಸನ್ 1971ರ ಜನವರಿ 24ರಂದು ಶ್ವಾಸಕೋಶದ ಕಾಯಿಲೆಯಿಂದ ನಿಧನರಾದಾಗ ಪತ್ರಿಕೆಗಳು ಪೂರ್ಣ ಹೆಸರು ಅಚ್ಚು ಮಾಡಿದವು. ಕೊನೆಯ ದಿನಗಳಲ್ಲಿ ಅವರು ವಿಸ್ಕಿ ಕೇಳಿದ್ದರೆಂದು ದಾದಿಯರ ಟಿಪ್ಪಣಿಗಳಲ್ಲಿದೆ, ಕೊಡಲಿಲ್ಲ. ಮೂವತ್ತಾರು ವರ್ಷ ಮುಟ್ಟದೆ ಇದ್ದ ಮೇಲೂ ಆ ಬಾಯಾರಿಕೆ ಉಳಿದಿತ್ತು ಎಂಬುದು ಸಂಘಕ್ಕೆ ಅವಮಾನವೆಂದು ಭಾವಿಸಬೇಕಿಲ್ಲ. ಇವರಿಬ್ಬರ ಗೋರಿಕಲ್ಲುಗಳ ಮೇಲೆ ಅವರ ಹೆಸರುಗಳಿವೆ, ಎಎ ಹೆಸರಿಲ್ಲ.

ಭಾರತದ ನೆಲದಲ್ಲಿ

ಎಎ ಭಾರತದಲ್ಲಿ ಆರಂಭವಾದದ್ದು 1957ರಲ್ಲಿ, ಮುಂಬಯಿಯಲ್ಲಿ. ಆಗ ಮುಂಬಯಿ ರಾಜ್ಯದಲ್ಲಿ 1949ರ ಪಾನನಿರೋಧ ಕಾಯ್ದೆ ಜಾರಿಯಲ್ಲಿತ್ತು. ಕುಡಿಯಲು ಪರವಾನಗಿ ಬೇಕಿತ್ತು. ಕಾನೂನಿನ ಪ್ರಕಾರ ಕುಡುಕರೇ ಇರಬಾರದಾಗಿದ್ದ ಊರಿನಲ್ಲಿ ಕುಡುಕರ ಸಂಘ ಹುಟ್ಟಿತು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು. ಅಂಗಡಿ ಮುಚ್ಚುವ ಅಧಿಕಾರ ಸರ್ಕಾರಕ್ಕಿದೆ. ಅಂಗಡಿ ಮುಚ್ಚಿದ ಸಂಜೆ ಕೈಕಾಲು ನಡುಗುವವನ ಪಕ್ಕ ಕೂರುವವರು ಬೇರೆಯೇ ಬೇಕು.

ನಮ್ಮ ಹಳ್ಳಿಗಳಲ್ಲಿ ಆ ಕೆಲಸಕ್ಕೆ ಬೇರೊಂದು ರೂಪವೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಊರಿನ ಸಭಾಭವನದಲ್ಲಿ, ಊರವರ ಸಹಕಾರದಿಂದ, ಎಲ್ಲರ ಕಣ್ಣೆದುರು ನಡೆಯುತ್ತವೆ. ಹೆಂಡತಿ ಮಕ್ಕಳು ಸಮಾರೋಪಕ್ಕೆ ಬರುತ್ತಾರೆ. ಬಿಟ್ಟವರು ಆಮೇಲೆ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಅಲ್ಲಿ ಕಾವಲು ಕಾಯುವುದು ಊರಿನ ಕಣ್ಣು. ಎಎ ಸಭೆಯಲ್ಲಿ ಊರಿನ ಕಣ್ಣು ತಪ್ಪಿಸುವುದೇ ರಕ್ಷಣೆ. ಯಾರು ಕುಡಿಯುತ್ತಾರೆ ಎಂಬುದು ಇಡೀ ಬೀದಿಗೆ ಗೊತ್ತಿರುವ ಹಳ್ಳಿಯಲ್ಲಿ ಹೆಸರು ಮುಚ್ಚಿಟ್ಟು ಪ್ರಯೋಜನವೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಡಿಯುವ ಹೆಂಗಸು, ಕುಡಿಯುವ ಮೇಷ್ಟ್ರು, ಕುಡಿಯುವ ಡಾಕ್ಟರು ಸಮಾರೋಪದ ವೇದಿಕೆ ಹತ್ತುವುದು ಸುಲಭವಲ್ಲ.

ಎಎ ನಿಜಕ್ಕೂ ಫಲ ಕೊಡುತ್ತದೆಯೇ? ಸದಸ್ಯರ ದಾಖಲೆಯನ್ನೇ ಇಡದ ಸಂಘವನ್ನು ಅಳೆಯುವುದು ಕಷ್ಟ. ದೀರ್ಘಕಾಲ ವೈದ್ಯಲೋಕ ಅನುಮಾನದಲ್ಲೇ ಇತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರ ವಿವರಗಳನ್ನು ಪರಿಶೀಲಿಸಿ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ಮತ್ತು ಅದಕ್ಕೆ ಜೋಡಿಸುವ ವ್ಯವಸ್ಥಿತ ಚಿಕಿತ್ಸಾಕ್ರಮಗಳು ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮ ಅಥವಾ ಮಿಗಿಲು ಎಂದು ಹೇಳಿತು. ಎಲ್ಲರಿಗೂ ಒಗ್ಗುತ್ತದೆ ಎಂದು ಹೇಳಲಿಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ವೈದ್ಯರ ಗಮನಕ್ಕೆ ತಾರದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಾಪಾಯವೂ ಉಂಟು. ಸಭೆ ಆಸ್ಪತ್ರೆಗೆ ಬದಲಿಯಲ್ಲ.

ಇಂದು ಎಎ ಸುಮಾರು 180 ದೇಶಗಳಲ್ಲಿದೆ. ಸದಸ್ಯರು ಇಪ್ಪತ್ತು ಲಕ್ಷ ಮೀರಿದ್ದಾರೆಂಬುದು ಅದರದೇ ಅಂದಾಜು. 2020ರ ಕೊರೊನಾ ಕಾಲದಲ್ಲಿ ಸಭೆಗಳು ಮೊಬೈಲ್ ಪರದೆಗೆ ಬಂದವು, ಹಲವು ಅಲ್ಲೇ ಉಳಿದಿವೆ. ಹೋಗಬೇಕೆನ್ನುವವರು ತಿಳಿದಿರಬೇಕಾದದ್ದು ಬಹಳವಿಲ್ಲ. ಸಭೆಗಳಲ್ಲಿ ಎರಡು ಬಗೆ. ‘ಮುಕ್ತ’ ಸಭೆಗೆ ಮನೆಯವರು, ಕುತೂಹಲಿಗಳು ಯಾರೂ ಬರಬಹುದು. ಇನ್ನೊಂದು ಬಗೆಯ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಚರ್ಚಿನ ಆವರಣವೋ ಶಾಲೆಯ ತರಗತಿಯೋ ಆಸ್ಪತ್ರೆಯ ಕೊಠಡಿಯೋ ಬಾಡಿಗೆಗೆ ಸಿಕ್ಕಿದರೆ ಆಯಿತು. ಚರ್ಚಿನಲ್ಲಿ ನಡೆದ ಮಾತ್ರಕ್ಕೆ ಅದು ಚರ್ಚಿನ ಸಭೆಯಲ್ಲ. ಶುಲ್ಕವಿಲ್ಲ. ಡಬ್ಬಿಯೊಂದು ಕೈಯಿಂದ ಕೈಗೆ ಸಾಗುತ್ತದೆ. ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ, ಅದರಲ್ಲೇ ಬಾಡಿಗೆ, ಚಹಾ. ಒಬ್ಬೊಬ್ಬರೇ ಎದ್ದು ಹೆಸರಿನ ಮೊದಲ ಭಾಗವಷ್ಟೇ ಹೇಳಿ, ತಾನು ಮದ್ಯವ್ಯಸನಿ ಎಂದು ಹೇಳಿ ಮಾತಾಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಹೊಸಬರು ಮಾತಾಡಲೇಬೇಕೆಂದಿಲ್ಲ, ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಎದ್ದು ಹೋಗಬಹುದು. ಮತ್ತೆ ಕುಡಿದು ಮರಳಿ ಬಂದವರಿಗೂ ಅದೇ ಕುರ್ಚಿ. ಮೊದಲ ಸಭೆಗೆ ಜೊತೆಯಲ್ಲಿ ಬಂದ ಹೆಂಡತಿಗೋ ತಾಯಿಗೋ ಹಲವು ಊರುಗಳಲ್ಲಿ ಅದೇ ಹೊತ್ತಿಗೆ ಅಲ್-ಅನಾನ್ ಸಭೆ ನಡೆಯುತ್ತಿರುತ್ತದೆ, ಸಾಮಾನ್ಯವಾಗಿ ಪಕ್ಕದ ಕೊಠಡಿಯಲ್ಲಿ.